ತಗಡಿಗೆ ಬಿಗಿದ ತಂತಿ

ಶಹಾಬಜಾರದ ಗಲ್ಲಿಯಲ್ಲಿ ಮಕ್ಸೂದ್ ಉಸ್ತಾದರ ಕಾರ್ ಆಡಿಯೋ ಅಂಗಡಿ ಇದೆ. ಕಮಲಾಪುರದಿಂದ ಬಸ್ಸಿಗೆ ಬಂದು ನಾನು ಅಲ್ಲಿ ತಂತಿ ಸುಲಿಯುತ್ತೇನೆ, ಕಸ ಗುಡಿಸುತ್ತೇನೆ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಕೆಲಸ ಕಲಿತದ್ದು ಅಬ್ರಾರನ ಕೈ ನೋಡಿ. ಅಂಗಡಿಯ ಕಷ್ಟದ ಕೆಲಸವೆಲ್ಲ ಅವನದೇ. ಅವನ ತಾಯಿ ಬಷೀರುನ್ನೀಸಾ ಕಟ್ಟಿಕೊಡುವ ಡಬ್ಬಿಯಲ್ಲಿ ನನಗೂ ಒಂದು ರೊಟ್ಟಿ ಇರುತ್ತಿತ್ತು. ಹಿಂದಿನ ತಿಂಗಳು ಅವನ ಕೈಯಲ್ಲಿ ಒಂದು ಸ್ಪೀಕರ್ ಸುಟ್ಟುಹೋಗಿತ್ತು. ಇನ್ನೊಂದು ಸಾಮಾನು ಕೆಟ್ಟರೆ ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದು ಉಸ್ತಾದರು ಆವತ್ತೇ ಹೇಳಿದ್ದರು.

ಆ ಸೋಮವಾರ ನಮ್ಮೂರಿನ ಸುಧಾಕರ ಮಾಸ್ತರರು ಕಾರು ತಂದರು. ಶಾಲೆ ಮಕ್ಕಳಿಗೆ ಡಾನ್ಸ್ ಕಲಿಸುವವರು. ಮೈದಾನದಲ್ಲಿ ಕಾರಿನ ನಾಲ್ಕೂ ಬಾಗಿಲು ತೆರೆದಿಟ್ಟು ಹಾಡು ಹಚ್ಚುತ್ತಿದ್ದರು. ಕಾರಿನಲ್ಲಿ ಹಾಡು ಹಚ್ಚುವ ಸ್ಕ್ರೀನ್ ಕೆಟ್ಟಿತ್ತು. ಸ್ಪೀಕರುಗಳಿಗೆ ದನಿ ಏರಿಸಿ ಕಳಿಸುವ, ಸೀಟಿನ ಕೆಳಗೆ ಕಂಪನಿಯವರೇ ಕೂಡಿಸಿದ ಆಂಪ್ಲಿಫೈಯರ್ ಚೆನ್ನಾಗಿತ್ತು. ಅದಕ್ಕೇ ನೇರವಾಗಿ ಲ್ಯಾಪ್‌ಟಾಪ್ ಜೋಡಿಸಿಕೊಡಿ ಎಂದರು.

ಸ್ಕ್ರೀನ್ ಹೇಳದೆ ಆ ಆಂಪ್ಲಿಫೈಯರ್ ಏಳುವುದೇ ಇಲ್ಲ. ಅದನ್ನು ಎಬ್ಬಿಸುವ ಸಣ್ಣ ನೀಲಿ ತಂತಿಯನ್ನು ಅಬ್ರಾರ್ ಮಧ್ಯಾಹ್ನದ ತನಕ ಹುಡುಕಿ, ಕೀಲಿ ತಿರುವಿದಾಗ ಕರೆಂಟ್ ಸಿಗುವಂತೆ ಮಾಡಿದ. ಆಮೇಲೆ ಸ್ಪೀಕರಿನ ತಂತಿಗಳನ್ನು ಬಿಡಿಸಿ ನನಗೆ ತೋರಿಸಿದ.

"ಹಳೇ ಗಾಡ್ಯಾಗ ಒಂದು ತಂತಿ ಗಾಡಿ ತಗಡಿಗೇ ಬಿಗೀತಿದ್ರು. ಇದರಾಗ ಎರಡೂ ತಂತ್ಯಾಗ ಕರೆಂಟ್ ಅದ. ಒಂದು ತಗಡಿಗೆ ತಾಕಿದ್ರೂ ಆಂಪ್ಲಿಫೈಯರ್ ಖತಂ, ಮಲ್ಲಿಕಾ."

ಲ್ಯಾಪ್‌ಟಾಪಿಗೆ ಬೇಕಾದ ಪಿನ್ ತರಲು ಅವನು ನೆಹರು ಗಂಜ್ ಕಡೆ ಹೋದ. ಮಾಸ್ತರರು ಗಡಿಯಾರ ನೋಡತೊಡಗಿದರು. ಉಸ್ತಾದರು ತಾವೇ ಸೀಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಅವರ ಕೈ ಹಳೇ ಗಾಡಿಗಳಲ್ಲಿ ಪಳಗಿದ ಕೈ. ಬಿಚ್ಚಿಟ್ಟಿದ್ದ ಸ್ಪೀಕರಿನ ಒಂದು ತಂತಿ ಎತ್ತಿ, ಸೀಟನ್ನು ತಗಡಿಗೆ ಕೂಡಿಸಿದ ಬೋಲ್ಟಿಗೆ ಬಿಗಿದರು.

ಟಾರ್ಚ್ ಹಿಡಿದು ನಾನು ಪಕ್ಕದಲ್ಲೇ ಇದ್ದೆ. ಅಬ್ರಾರ್ ಹೇಳಿದ್ದು ನೆನಪಾಯಿತು. ಗಿರಾಕಿ ಎದುರು ನಾನು ಬಾಯಿ ತೆರೆಯಬಾರದೆಂಬುದು ಅಂಗಡಿಯ ನಿಯಮ. ಟಾರ್ಚನ್ನು ಬೋಲ್ಟಿನ ಕಡೆಯಿಂದ ಸರಿಸಿದೆ.

"ಟಾರ್ಚ್ ಸೀದಾ ಹಿಡಿ," ಎಂದರು ಉಸ್ತಾದರು.

ಸೀದಾ ಹಿಡಿದೆ. ಅವರು ಮ್ಯಾಟ್ ಹೊದಿಸಿ ಎದ್ದರು.

ಅಬ್ರಾರ್ ಬಂದು ಮ್ಯಾಟಿನ ಹೊರಗಿದ್ದ ತಂತಿಗೆ ಪಿನ್ ಜೋಡಿಸಿದ, ಕೀಲಿ ತಿರುವಿದ. ಸ್ಪೀಕರುಗಳು ಒಮ್ಮೆ ಕೆಮ್ಮಿದವು. ಸೀಟಿನ ಕೆಳಗಿಂದ ಹೊಗೆ ಎದ್ದಿತು.

ಉಸ್ತಾದರು ಮ್ಯಾಟ್ ಎತ್ತಿದರು. ಬೋಲ್ಟಿನ ಮೇಲೆ ಅವರ ಬೆರಳು ಒಂದು ಗಳಿಗೆ ನಿಂತಿತು. ತಂತಿ ಕಿತ್ತು, ಇದು ಈ ಹುಡುಗನ ಕೆಲಸ, ಬೇರೆ ಆಂಪ್ಲಿಫೈಯರ್ ಹಾಕಿಸಿಕೊಡುತ್ತೇನೆ ಎಂದು ಮಾಸ್ತರರಿಗೆ ಹೇಳಿದರು. ಅದನ್ನು ಬೋಲ್ಟಿಗೆ ತಾನು ಕಟ್ಟಿಲ್ಲವೆಂದು ಅಬ್ರಾರ್ ಒಮ್ಮೆ ಹೇಳಿದ. ಆಮೇಲೆ ನನ್ನ ಕಡೆ ನೋಡಿದ. ನಾನು ಟಾರ್ಚ್ ಆರಿಸಿದೆ.

ಮರುದಿನ, ಕೆಲಸ ಕಳೆದುಕೊಂಡ ಅಬ್ರಾರ್ ಬಿಟ್ಟುಹೋಗಿದ್ದ ಡಬ್ಬಿ ಒಯ್ಯಲು ಬಷೀರುನ್ನೀಸಾ ಬಂದರು. ತೊಳೆದಿಟ್ಟಿದ್ದೆ, ಕೊಟ್ಟೆ.

"ನಾ ಕಟ್ಟಿಲ್ಲ ಅಂತಾನ ಅಂವ. ನೀ ಅಲ್ಲೇ ಇದ್ದಿ ಅಂತ. ನೋಡಿದ್ಯೇನು, ಬೇಟಿ?"

ಹಿಂದೆ ಉಸ್ತಾದರ ಕೆಲಸದ ಸದ್ದು ನಿಂತಿತು.

"ನಾ ಟಾರ್ಚ್ ಹಿಡಿದಿದ್ದೆ ರೀ. ಏನೂ ಕಾಣಲಿಲ್ಲ."

"ಟಾರ್ಚ್ ಹಿಡಕೊಂಡು ಕಾಣಲಿಲ್ಲ," ಎಂದರು ಆಕೆ. ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಮೆಟ್ಟಿಲಿಳಿದರು.

ಮಧ್ಯಾಹ್ನ ಮಾಸ್ತರರ ಕಾರಿನಂಥದೇ ಇನ್ನೊಂದು ಕಾರು ಬಂತು. ಉಸ್ತಾದರು ಅಬ್ರಾರನ ಸ್ಟೂಲನ್ನು ನನ್ನ ಕಡೆ ತಳ್ಳಿ, ಅವನು ಹೇಗೆ ಕಟ್ಟುತ್ತಿದ್ದ ತೋರಿಸು ಎಂದು ಸಣ್ಣ ದನಿಯಲ್ಲಿ ಕೇಳಿದರು. ಎರಡೂ ತಂತಿಗೆ ಬೇರೆಬೇರೆಯಾಗಿ ಟೇಪ್ ಸುತ್ತಿ, ಒಂದೂ ತಗಡಿಗೆ ತಾಕದಂತೆ ಇಟ್ಟೆ. ಟಾರ್ಚನ್ನು ಅವರೇ ಹಿಡಿದಿದ್ದರು.