ಮುಳ್ಳುಹಂದಿಗೆ ಹೊಡೆಯದ ಹುಡುಗಿ

ಟಿಂಗ್ ಅಂತ ಮತ್ತೆ ಅದೇ ಸದ್ದು, ಕೋಳಿಮರಿ ಬಿತ್ತು, ನೋಡದೆಯೇ ಪಂಕಜಾಕ್ಷಿಗೆ ಗೊತ್ತಾಗುತ್ತದೆ, ಅಕ್ಕಿಹಿಟ್ಟಿಗೆ ಬಿಸಿನೀರು ಹಾಕುತ್ತಿದ್ದರೂ ಕಿವಿ ಅಲ್ಲೇ ಇದೆ, ಬಿದ್ದರೆ ಒಂದು ಸದ್ದು, ಕಾಳು ಹೆಕ್ಕಿದರೆ ಇನ್ನೊಂದು, ಮೋಡದಿಂದ ಮೋಡಕ್ಕೆ ನೆಗೆದರೆ ಬಾವಿಗೆ ಸಣ್ಣ ಕಲ್ಲು ಹಾಕಿದ ಹಾಗೆ ಬುಳಕ್ — ಮೊಬೈಲಿನೊಳಗಿನ ಹಳದಿ ಕೋಳಿಮರಿ, ಕೊರಳಿಗೊಂದು ಕೆಂಪು ವಸ್ತ್ರ, ಕಂಡರೆ ಎತ್ತಿ ಮಡಿಲಿಗೆ ಹಾಕಿಕೊಳ್ಳಬೇಕು ಅನ್ನಿಸುವಂಥದ್ದು, ಹೊಸ್ತಿಲ ಮೇಲೆ ಮೊಣಕಾಲು ಮಡಿಸಿ ಕೂತು ಮಗಳು ಸ್ಪೂರ್ತಿ ಅದನ್ನು ಓಡಿಸುತ್ತಿದ್ದಾಳೆ, ಶನಿವಾರ, ಬೆಳಗಿನ ಸ್ಕೂಲು, ಇವಳು ಮಾತ್ರ ಮನೆಯಲ್ಲಿ. ಬುಧವಾರದಿಂದ ಹೊಟ್ಟೆನೋವು. ಜೀರಿಗೆ ಕಷಾಯ ಆಯ್ತು, ಓಮಿನ ಕಾಳು ಆಯ್ತು, ವ್ಯಾನು ಬರುವ ಹೊತ್ತಿಗೆ ಬರುವ ನೋವು ವ್ಯಾನು ಹೋದ ಮೇಲೆ ಇರುವುದಿಲ್ಲ, ಅಷ್ಟು ತಾಯಿಗೆ ತಿಳಿಯದೆ ಏನು, ಆದರೂ ಗದರಿಸಲು ಮನಸ್ಸು ಬರುತ್ತಿಲ್ಲ, ಸೋಮವಾರಕ್ಕಾದರೂ ಹೋಗುತ್ತಾಳಾ, ಹೋಗದಿದ್ದರೆ — ಅತ್ತೆ ತೀರ್ಥಮ್ಮ ಹಿತ್ತಲಿಂದ ಬಂದವರು ನಿಂತು ನೋಡಿದರು, ಹೊಸ್ಲು ಮೇಲೆ ಕೂತ್ಕಂಡ್ ಅದೇನ್ ಹುಡ್ಗಿ, ಮಂತ್ರ ಹಾಕಿಸ್ಕಂಡೋರಂಗೆ, ಹೊಟ್ಟೆನೋವಿಗೆ ಮೊಬೈಲ್ ಮದ್ದು ಅಂತ ಯಾವ ಡಾಕ್ಟ್ರು ಬರ್ಕೊಟ್ಟಿದ್ದು, ಸ್ಪೂರ್ತಿ ತಲೆಯೆತ್ತದೆ, ಸುಮ್ನಿರಜ್ಜಿ, ಕೊನೇ ಲೆವೆಲ್ಲು ಅಂದಳು. ಕೊನೆಯ ಲೆವೆಲ್ಲು ಎಷ್ಟು ದಿನದಿಂದ. ಮೊದಲಿನವನ್ನೆಲ್ಲ ಕಣ್ಣುಮುಚ್ಚಿ ದಾಟಿದವಳು ಇಲ್ಲೇಕೆ ಸಿಕ್ಕಿಬಿದ್ದಳು, ಅಷ್ಟು ಕಷ್ಟವೇ ಅದು, ತಿಳಿಯೋಣ ಅಂತಲೇ ನಿನ್ನೆ ಮಧ್ಯಾಹ್ನ ಪಾತ್ರೆ ತೊಳೆದ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಮೊಬೈಲು ಹಿಡಿದದ್ದು, ಆಡಿದವರೆಲ್ಲ ಆಟದ ಕೆಳಗೆ ಅಭಿಪ್ರಾಯ ಬರೆದಿರುತ್ತಾರೆ, ಒಬ್ಬ ಇದು ಹಾಲು ಕುಡಿಯೋ ಮಕ್ಕಳ ಆಟ ಅಂತಾನೆ, ಇನ್ನೊಬ್ಬ, ಬೀರೂರಿನ ಕಡೆಯವನಿರಬೇಕು, ಮುದ್ದಾಗಿದೆ ಅಂತ ನಂಬಬ್ಯಾಡ್ರಪ್ಪ, ಮೋಡದ ಸೇತುವೇಲಿ ಜೀವ ಬಾಯಿಗೆ ಬತ್ತದೆ ಅಂತ ಬರೆದಿದ್ದ, ವಿಲನ್ ಅಂದ್ರೆ ಹೆದರಿಕೆ ಆಗ್ಬೇಕು, ಇದೇನ್ರೀ ಕಿರೀಟ ಇಟ್ಕಂಡಿರೋ ಮುಳ್ಳುಹಂದಿ, ಮುದ್ದು ಮಾಡೋಣ ಅನ್ಸುತ್ತೆ ಅಂತ ಮತ್ತೊಬ್ಬಳು, ಅದಕ್ಕೆ ಉತ್ತರವಾಗಿ ಇನ್ಯಾರೋ, ಹಿಂದುಗಡೆ ಚಿತ್ರ ನೋಡಿ ಮೇಡಂ, ಅವನ ಮನೇಲಿ ಗಡಿಗೆ ಎಲ್ಲ ಖಾಲಿ, ಕಾಳು ಕದೀದೆ ಇನ್ನೇನ್ ಮಾಡ್ತಾನೆ. ನಗು ಬಂತು. ಓದುತ್ತಾ ಹೋದ ಹಾಗೆ ಕೆಳಗೆ ತನ್ನದೇ ಹೆಸರು, ಪಂಕಜಾಕ್ಷಿ, ಪಕ್ಕದಲ್ಲಿ ತನ್ನದೇ ಮದುವೆಯ ಫೋಟೋ, ವಿಲನ್ ಪಾಪ, ಅವನಿಗೆ ಹೊಡೀಬೇಡಿ, ಕೊನೆ ಲೆವೆಲ್ ಎಲ್ಲಕ್ಕಿಂತ ಕಷ್ಟ. ಮೊಬೈಲು ತನ್ನದು, ಖಾತೆಯೂ ತನ್ನದು, ಬರೆದವಳು ಮಗಳು. ಅದರ ಕೆಳಗೆ ಯಾವನೋ, ಆಂಟಿ, ಮುಳ್ಳುಹಂದಿ ನಿಮ್ಮ ತೌರುಮನೆ ಕಡೆಯವರಾ ಅಂತ ಕೇಳಿದ್ದ.

ಹಿಟ್ಟು ಹದಕ್ಕೆ ಬಂತು, ಉಂಡೆ ಕಟ್ಟಿ ಬಾಳೆಲೆಯ ಮೇಲೆ ತಟ್ಟುತ್ತಾಳೆ, ಬೆರಳ ಗುರುತು ಸುತ್ತಲೂ ಅಲೆಅಲೆಯಾಗಿ, ಈ ರೊಟ್ಟಿ ಅಂದರೆ ಸ್ಪೂರ್ತಿಗೆ ಪ್ರಾಣ, ಹುಚ್ಚೆಳ್ಳು ಪುಡಿ ಒಂದಿದ್ದರೆ ಸಾಕು, ಅಂಥವಳು ಹೋದ ವಾರ ಸ್ಕೂಲಿಂದ ಬಂದವಳೇ ಬ್ಯಾಗೂ ಇಳಿಸದೆ ಅನ್ನದ ಪಾತ್ರೆಗೆ ಕೈ ಹಾಕುತ್ತಿದ್ದಳು, ಡಬ್ಬಿಗೆ ಹಾಕಿದ್ದು ಸಾಲಲಿಲ್ವೇನೇ ಅಂದರೆ ಹೂಂ ಅಂತ ತಲೆ ಆಡಿಸುತ್ತಿದ್ದಳು, ಇನ್ನೊಂದು ರೊಟ್ಟಿ ಹೆಚ್ಚಿಗೆ ಹಾಕಿದರೂ ಅದೇ ಹಸಿವು. ಮೊನ್ನೆ ಸೋಮವಾರ ವ್ಯಾನಿನ ರುದ್ರಮೂರ್ತಿ ಗೇಟಿನ ಹತ್ತಿರ ತಲೆ ಹೊರಗೆ ಹಾಕಿ, ಪಂಕಜಕ್ಕ, ನಿಮ್ ಹುಡ್ಗಿ ಡಬ್ಬಿ ಆ ಭವ್ಯ ಖಾಲಿ ಮಾಡ್ತಾಳೆ ಕಣಕ್ಕ, ಮೇಲ್ಗಡೆ ರೋಡಿನ ಭೈರೇಶನ ಮಗಳು, ನಾನೇ ವ್ಯಾನಿನ ಕನ್ನಡೀಲಿ ನೋಡಿದೀನಿ, ಅಂದ. ನಿಜವೇನೇ ಪುಟ್ಟಿ, ಭವ್ಯ ನಿನ್ನ ಡಬ್ಬಿ ತಿಂತಾಳಾ ಅಂತ ಕೇಳಿದ್ದಕ್ಕೆ ಸ್ಪೂರ್ತಿ ಹೂಂ ಅಂದಳು, ಅಷ್ಟೇ ಅಂದದ್ದು, ಹೆದರಿದ್ದಾಳೆ ಮಗು ಅಂತ ತಾನೇ ಅಂದುಕೊಂಡು ಮಿಸ್ಸಿಗೆ ಫೋನು ಮಾಡಿದ್ದು, ದನಿ ಏರಿಸಲಿಲ್ಲ, ಜಗಳ ಮಾಡಲಿಲ್ಲ, ಸ್ವಲ್ಪ ಆ ಹುಡುಗಿಗೆ ಬುದ್ಧಿ ಹೇಳಿ ಮಿಸ್ ಅಂತ ಮೆತ್ತಗೆ ಹೇಳಿ ಇಟ್ಟು ನಿಶ್ಚಿಂತೆಯಿಂದ ಬಟ್ಟೆ ಒಗೆಯಲು ಹೋದಳು. ಸ್ಟೇಷನ್ನಿನ ಕಡೆಯಿಂದ ರೈಲು ಕೂಗುತ್ತದೆ, ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತದೆ, ತಿರುವಿ ಹಾಕಬೇಕು, ತಿರುವಿ ಹಾಕಿ ಎದ್ದು ಬಂದು ಮಗಳ ಹಿಂದೆ ನಿಲ್ಲುತ್ತಾಳೆ, ನೋಡೋಣ ಅದೆಂಥ ಕಷ್ಟ.

ಕಷ್ಟವೇ ಅಲ್ಲ. ಕೋಳಿಮರಿ ಮೋಡದ ಸೇತುವೆಯನ್ನು ಮೆಟ್ಟಿಲು ಹತ್ತಿದ ಹಾಗೆ ದಾಟುತ್ತದೆ, ಹಾರಿ ಬರುವ ಮುಳ್ಳುಗಳ ನಡುವೆ ತೂರುತ್ತದೆ, ಒಮ್ಮೆ ನೆಗೆದು ಮುಳ್ಳುಹಂದಿಯ ತಲೆಯ ಮೇಲೆ, ಇನ್ನೊಮ್ಮೆ ನೆಗೆದು ಮತ್ತೆ, ಕಿರೀಟ ಉರುಳಿಹೋಯಿತು, ಇನ್ನೊಂದು ಏಟು ಸಾಕು, ಆಗ ಅದು ದೊಪ್ಪೆಂದು ಕೂತು ಎರಡು ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತದೆ — ಸ್ಪೂರ್ತಿಯ ಹೆಬ್ಬೆರಳು ಮೇಲೆದ್ದು ಹಾಗೇ ನಿಂತಿತು. ಒತ್ತೇ ಪುಟ್ಟಿ, ಇನ್ನೊಂದೇ. ಒತ್ತಲಿಲ್ಲ. ಮುಳ್ಳುಹಂದಿ ಎದ್ದಿತು, ಮುಳ್ಳು ಎಸೆಯಿತು, ಟಿಂಗ್. ಅಂದರೆ ಇಷ್ಟು ದಿನವೂ ಇವಳಿಗೆ ಬಾರದೆ ಸೋತದ್ದಲ್ಲ, ಸೋಲುತ್ತಾ ಬಂದದ್ದು ಬೇಕೆಂದೇ, ಪಕ್ಕದಲ್ಲಿ ಕೂತಳು, ಯಾಕೆ ಹೊಡೀಲಿಲ್ಲ ಅಂತ ಕೇಳಿದಳು, ಮೆಲ್ಲಗೆ ಕೇಳಿದಳು, ಸ್ಪೂರ್ತಿ ಪರದೆಯನ್ನೇ ನೋಡುತ್ತಾ, ಭವ್ಯನೂ ಹಿಂಗೇ ಮಾಡಿದ್ಲು ಅಂದಳು, ಮಂಗಳವಾರ, ಮಿಸ್ಸು ವರಾಂಡದಲ್ಲಿ ನಿಲ್ಸಿದ್ರು, ಡಬ್ಬಿ ಕಳ್ಳಿ ಅಂತ ಎಲ್ರೂ ಅಂದ್ರು, ಅವ್ಳು ಹಿಂಗೆ ಎರಡೂ ಕೈ ಇಟ್ಕಂಡು, ಬೆಲ್ ಹೊಡಿಯೋಗಂಟ. ಹಿಂಗೆ, ಅಂತ ತನ್ನ ಮುಖದ ಮೇಲೆ ತಾನೇ ಕೈ ಇಟ್ಟು ತೋರಿಸಿದಳು. ಅವ್ಳು ಕಿತ್ಕಂಡು ತಿಂದಿದ್ದಲ್ವೇನೇ. ಇಲ್ಲ, ನಾನೇ ಕೊಟ್ಟಿದ್ದು, ಅವ್ರಮ್ಮ ಕಡೂರು ಆಸ್ಪತ್ರೇಲವ್ರೆ, ಬೆಳಗ್ಗೆ ಅವ್ರ ಮನೇಲಿ ಒಲೆ ಹಚ್ಚಲ್ಲ, ಯಾರಿಗೂ ಹೇಳ್ಬ್ಯಾಡ ಅಂದಿದ್ಲು. ಮತ್ತೆ ನನ್ ಹತ್ರ ಹೇಳ್ಬಾರ್ದಿತ್ತಾ. ತಿಂತಾಳಾ ಅಂತ ಕೇಳ್ದೆ ನೀನು, ಹೂಂ ಅಂದೆ, ಕೊಟ್ಯಾ ಅಂತ ಕೇಳ್ಳೇ ಇಲ್ವಲ್ಲಮ್ಮ.

ಹೌದು, ಕೇಳಲಿಲ್ಲ. ಎಲಚಿ ಹಣ್ಣು — ಎಲಚಿ ಹಣ್ಣು ಇತ್ತಲ್ಲ ಡಬ್ಬಿಯಲ್ಲಿ, ಹೋದ ವಾರ ದಿನಾ ಸಂಜೆ, ಎಂದೂ ಡಬ್ಬಿ ತೊಳೆಯದ ಮಗಳ ಬ್ಯಾಗಿನಿಂದ ಥಳಥಳ ತೊಳೆದ ಡಬ್ಬಿ, ಒಳಗೆ ಒಂದು ಹಿಡಿ ಎಲಚಿ ಹಣ್ಣು, ಮಗಳೇ ಬೇಲಿಯಲ್ಲಿ ಕಿತ್ತು ತಂದಿದ್ದಾಳೆ, ಕೆಮ್ಮು ಹಿಡಿದೀತು ಅಂತ ಕೋಳಿಗಳ ಮುಂದೆ ಚೆಲ್ಲಿದಳು, ತಾನೇ ಚೆಲ್ಲಿದಳು, ಮದುವೆಯಾಗಿ ಬಂದಾಗಿನಿಂದ ಈ ಬೀದಿಯಲ್ಲಿ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಕ್ಕೆ ಕಳಿಸಿದವಳಲ್ಲ, ತುಂಬಿ ಬಂದದ್ದರಲ್ಲಿ ಹಾಕಿ ಕಳಿಸಲು ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ, ಅದೂ ಇಲ್ಲದಿದ್ದರೆ ಒಂದು ಹೂ, ಕೊಟ್ಟವರಿಗೆ ಹಾಗೆ ತಾನೇ ಹಿಂದಿರುಗಿಸುವುದು, ಕದ್ದವರು ಯಾರಾದರೂ ಡಬ್ಬಿ ತೊಳೆದು ಹಣ್ಣು ತುಂಬಿ ಕಳಿಸುತ್ತಾರಾ, ಅಷ್ಟು ಚಿಕ್ಕ ಹುಡುಗಿಗೆ ಅವಳಮ್ಮ ಕಲಿಸಿಟ್ಟಿದ್ದಾಳೆ, ಅದು ಕಣ್ಣಿಗೆ ಬಿದ್ದರೂ ತನಗೆ ಹೊಳೆಯಲಿಲ್ಲ, ರುದ್ರಮೂರ್ತಿಯ ಕನ್ನಡಿಯಲ್ಲಿ ಕಂಡದ್ದೇ ನಿಜವಾಯಿತು — ಸೀದ ವಾಸನೆ, ಅಯ್ಯೋ ರೊಟ್ಟಿ, ತೀರ್ಥಮ್ಮ ಒಳಗಿನಿಂದ, ಸೀದೋಯ್ತು ಕಣೇ, ತಾಯಿ ಮಗ್ಳು ಇಬ್ರೂ ಆ ಪೆಟ್ಗೆ ಒಳಿಕ್ಕೇ ಹೊಂಟೋಗಿ. ಸೀದದ್ದನ್ನು ತೆಗೆದು ಬೇರೆ ಹಾಕಿದಳು, ತುಪ್ಪ ಸವರಿದಳು, ಸ್ಪೂರ್ತಿಯ ಡಬ್ಬಿಗೆ ತುಂಬಿದಳು, ಹುಚ್ಚೆಳ್ಳು ಪುಡಿಯ ಮೇಲೆ ಎಣ್ಣೆ ಬಿಟ್ಟಳು. ಹನ್ನೊಂದೂವರೆಗೆ ಸ್ಕೂಲು ಬಿಡುತ್ತದೆ, ವ್ಯಾನು ಇದೇ ದಾರಿಯಲ್ಲಿ ಮೇಲಿನ ರಸ್ತೆಗೆ ಹೋಗಬೇಕು, ಮೊದಲು ಭವ್ಯನ ಹತ್ತಿರ ಮಾತಾಡಬೇಕು, ಆಮೇಲೆ ಮಿಸ್ಸಿಗೆ ಫೋನು, ನಾನೇ ತಪ್ಪು ತಿಳಿದಿದ್ದೆ, ಇದನ್ನು ಕ್ಲಾಸಿನಲ್ಲಿ ಎಲ್ಲರ ಮುಂದೆ ಹೇಳಿ ಅಂತ, ಏನು ಹೇಳುವುದು ಮಗುವಿಗೆ, ಬಾರವ್ವ ಅನ್ನುವುದು, ನನ್ನದೇ ತಪ್ಪು ಕಣವ್ವ ಅನ್ನುವುದು, ಬಾರೇ ಪುಟ್ಟಿ ನೀನೂ, ಅಂದರೆ ಸ್ಪೂರ್ತಿ ಗೇಟಿನವರೆಗೆ ಬಂದು ನಿಂತುಬಿಟ್ಟಳು, ಅವ್ಳು ಇನ್ಮೇಲೆ ನನ್ ಪಕ್ಕ ಕೂರಲ್ಲ, ನೋಡ್ತಿರು. ಕೂರ್ತಾಳೆ ಕಣೇ. ನಿಂಗೇನ್ ಗೊತ್ತು.

ಎಳೆಬಿಸಿಲು ಹೋಗಿ ಸುಡುವ ಬಿಸಿಲು, ತರೀಕೆರೆ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು, ಡಬ್ಬಿ ಅಂಗೈಯಲ್ಲಿ ಬೆಚ್ಚಗಿದೆ, ಅದೋ ಹಳದಿ ವ್ಯಾನು, ಕೈ ಅಡ್ಡ ಹಿಡಿದಳು, ರುದ್ರಮೂರ್ತಿ ಬ್ರೇಕು ಹಾಕಿ, ಏನಕ್ಕ, ಹೊಟ್ಟೆನೋವು ವಾಸಿಯಾಯ್ತಾ ಅಂದ, ವ್ಯಾನಿನ ಪಕ್ಕಕ್ಕೆ ಬಂದಳು, ಎರಡನೆಯ ಕಿಟಕಿ, ಇಡೀ ಸೀಟಿನಲ್ಲಿ ಒಬ್ಬಳೇ, ಎಣ್ಣೆ ಕಾಣದ ಕೂದಲು, ಒಂದು ಜಡೆ ಬಿಚ್ಚಿದೆ, ತಾನೇ ಹೆಣೆದುಕೊಂಡದ್ದಿರಬೇಕು, ಬಾರವ್ವ ಭವ್ಯ ಅನ್ನುವಷ್ಟರಲ್ಲಿ ಹುಡುಗಿ ತಿರುಗಿ ನೋಡಿದಳು, ಯಾರು ಅಂತ ಗುರುತಾಯಿತು, ಸ್ಪೂರ್ತಿಯ ಅಮ್ಮ, ಫೋನು ಮಾಡಿದವಳು — ಸೀಟಿನ ಮೂಲೆಗೆ ಕುಗ್ಗಿ ಮೆಲ್ಲಗೆ ಎರಡೂ ಕೈ ಎತ್ತಿದಳು, ಬೇಡ ಮಗ, ಬೇಡ, ನಾನು ಹೊಡೆಯಲು ಬಂದವಳಲ್ಲ ಅನ್ನಬೇಕು, ರುದ್ರಮೂರ್ತಿ ಮುಂದಿನಿಂದ ಏನೋ ಕೇಳುತ್ತಿದ್ದಾನೆ, ಹಿಂದೆ ಗೇಟಿನ ಚಿಲಕ ಸದ್ದಾಯಿತು, ಸ್ಪೂರ್ತಿ ಓಡಿ ಬರುತ್ತಿದ್ದಾಳೋ ಒಳಗೆ ಹೋದಳೋ, ತಿರುಗಿ ನೋಡಲಾಗುತ್ತಿಲ್ಲ, ಬೆರಳ ತುದಿಗೆ ಸೀಮೆಸುಣ್ಣದ ಪುಡಿ, ಉಗುರಿನಲ್ಲಿ ಮಣ್ಣು, ಬೆರಳ ಸಂದಿಯಲ್ಲಿ ಕಣ್ಣೂ ಕಾಣದ ಹಾಗೆ ಒತ್ತಿ ಹಿಡಿದ ಎರಡು ಕೈ, ಮುಖದ ಮೇಲೆ ಎರಡು ಪುಟ್ಟ ಕೈ.