ನಿಜವಾಗಿಯೂ ಹಗುರವಾಗಿದ್ದ ಪೆಟ್ಟಿಗೆ

ದರ್ಜಿಗೆ ಡಾಕ್ಟರು ಸಕ್ಕರೆ ಮುಟ್ಟಬೇಡ ಎಂದು ಹೇಳಿ ಒಂದೂವರೆ ವರ್ಷವಾಗಿತ್ತು. ಡಾಕ್ಟರ ಮಾತನ್ನಾದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದಿತ್ತು. ಆದರೆ ಹೆಂಡತಿ ಮೂವತ್ತು ವರ್ಷ ನರ್ಸಾಗಿದ್ದವಳು. ಇಡೀ ಬೀದಿಗೆ ಅವಳು ‘ಸಿಸ್ಟರ್’. ನಿವೃತ್ತಿಯಾದ ಮೇಲೆ ಅವಳಿಗೆ ಉಳಿದದ್ದು ಎರಡೇ ವಾರ್ಡು: ಕೆಳಗೆ ಗಂಡ, ಮೇಲೆ ತಾರಸಿಯಲ್ಲಿ ಆರು ಜೇನುಪೆಟ್ಟಿಗೆ. ತೆಗೆದ ಜೇನು ಅಂದಂದೇ ತಂಗಿಯ ಮನೆ ಸೇರುತ್ತಿತ್ತು. ಅಡುಗೆಮನೆಯಲ್ಲಿ ಇರುವೆಗೂ ಒಂದು ಹರಳು ಸಕ್ಕರೆ ಸಿಗುತ್ತಿರಲಿಲ್ಲ. ಬೀದಿ ಕೊನೆಯ ಅಂಗಡಿಯವನೂ ದರ್ಜಿಗೆ ಸಕ್ಕರೆ ತೂಗುತ್ತಿರಲಿಲ್ಲ. ಸಿಸ್ಟರ್ ಚುಚ್ಚಿದ ಇಂಜೆಕ್ಷನ್ ಅವನಿಗಿನ್ನೂ ನೆನಪಿತ್ತು.

ಹಾಗಾಗಿ ದರ್ಜಿಗೆ ಉಳಿದ ಒಂದೇ ಆಸೆ ಚಳಿಗಾಲ. ಹೂವಿಲ್ಲದ ತಿಂಗಳಲ್ಲಿ, ಕೂಡಿಟ್ಟ ಜೇನು ಸಾಲದ ಪೆಟ್ಟಿಗೆಗೆ ಸಕ್ಕರೆ ಇಡಬೇಕು. ಇಡಬೇಕೆಂದರೆ ಸಕ್ಕರೆ ಮನೆಗೆ ಬರಬೇಕು. ಬಂದ ಮೇಲೆ ಮಿಕ್ಕದ್ದು ಕೈಚಳಕ.

ಆ ಸಲ ಸಿಸ್ಟರಿಗೆ ಸೊಂಟ ಹಿಡಿದುಕೊಂಡದ್ದು ಅವನ ಪಾಲಿಗೆ ರೋಗಿ ಬಯಸಿದ್ದೂ ಹಾಲು ಅನ್ನ ಎಂಬಂತಾಯಿತು. ಚಳಿಯಲ್ಲಿ ಪೆಟ್ಟಿಗೆಯ ಮುಚ್ಚಳ ಸುಮ್ಮಸುಮ್ಮನೆ ತೆರೆಯುವಂತಿಲ್ಲ, ಒಳಗಿನ ಬಿಸಿ ಹಾರಿಹೋಗುತ್ತದೆ. ಹಿಂಬದಿಯ ಅಂಚಿಗೆ ಕೈ ಕೊಟ್ಟು ಒಂದು ಬೆರಳಷ್ಟು ಎತ್ತಿ ನೋಡಬೇಕು. ನೆಲಕ್ಕೆ ಮೊಳೆ ಹೊಡೆದಂತೆ ಕೂತಿದ್ದರೆ ಜೇನಿದೆ, ಎತ್ತಿದ ಕೂಡಲೇ ಮೇಲೆ ಬಂದರೆ ಹಸಿವು.

“ನೀನು ಕೂತ್ಕೋ. ನಾನು ಎತ್ತಿ ಹೇಳ್ತೀನಿ,” ಎಂದ ದರ್ಜಿ, ಕುರ್ಚಿಯನ್ನು ತಾನೇ ತಾರಸಿಗೆ ಹೊತ್ತು ತಂದು.

ಮೊದಲನೆಯದಕ್ಕೆ ಕೈ ಹಾಕಿದ. ಅಲ್ಲಾಡಲಿಲ್ಲ. ಹಲ್ಲು ಕಚ್ಚಿ ಎತ್ತಿದ. ಕತ್ತಿನ ನರ ದಾರದುಂಡೆಯಂತೆ ಉಬ್ಬಿತು. ಆ ಸ್ಥಿತಿಯಲ್ಲೇ ನಕ್ಕು, “ಅಯ್ಯೋ ಪಾಪ! ಹತ್ತಿ ಮೂಟೆ ಕಣೇ,” ಎಂದ.

“ಮತ್ತೆ ಕಿವಿ ಯಾಕ್ರೀ ಕೆಂಪಗಾಗಿದೆ?”

“ಚಳಿಗೆ.”

ಎರಡನೆಯದೂ ಹತ್ತಿ, ಮೂರನೆಯದೂ ಹತ್ತಿ. ನಾಲ್ಕನೆಯದಕ್ಕೂ ಅದೇ ಜೋರಿನಲ್ಲಿ ಕೈ ಹಾಕಿದ. ಪೆಟ್ಟಿಗೆ ಖಾಲಿ ಬುಟ್ಟಿಯಂತೆ ಚಂಗನೆ ಮೇಲೆದ್ದಿತು. ಹೊಟ್ಟೆ ಕೊಟ್ಟು ತಡೆಯದಿದ್ದರೆ ಮಗುಚಿಯೇ ಬಿಡುತ್ತಿತ್ತು. ಇದು ಮಾತ್ರ ಹತ್ತಿಯೇ. ಐದು, ಆರು ಮತ್ತೆ ಬಂಡೆ.

“ಆರಕ್ಕೂ ಹಸಿವು,” ಎಂದ, ಬೆವರು ಒರೆಸಿಕೊಳ್ಳುತ್ತ.

ಸಿಸ್ಟರ್ ಅವನ ಮುಖವನ್ನು ಥರ್ಮಾಮೀಟರಿನಂತೆ ಓದಿದಳು. “ಸರಿ. ಯಾವುದಕ್ಕೂ ಬೇಡ. ಗಟ್ಟಿಯಾಗಿವೆ,” ಎಂದು ಗೋಡೆ ಹಿಡಿದುಕೊಂಡು ಕೆಳಗಿಳಿದಳು.

ಮೆಷಿನ್ನಿನ ಮುಂದೆ ಕೂತವನಿಗೆ ಕೆಲಸ ಓಡಲಿಲ್ಲ. ಎಡ ತೋಳನ್ನು ಬಲಗಡೆಗೆ ಹೊಲಿದ. ಬಿಚ್ಚಿ ಮತ್ತೆ ಅಲ್ಲಿಗೇ ಹೊಲಿದ. ಕಣ್ಣು ಮುಚ್ಚಿದರೆ ಆ ಖಾಲಿ ಪೆಟ್ಟಿಗೆ ಕೈಯಲ್ಲಿ ಎದ್ದು ಬರುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಜೀವಗೇಡು. ಮಧ್ಯಾಹ್ನ ತಟ್ಟೆಯ ಮುಂದೆ ತಡೆಯಲಾಗಲಿಲ್ಲ.

“ನಾಲ್ಕನೇದು ನಿಜವಾಗ್ಲೂ ಹಗುರ ಕಣೇ.”

“ಹಾಗಾದ್ರೆ ಮಿಕ್ಕ ಐದು ಸುಳ್ಳು ಹಗುರವೇನ್ರೀ?”

ದರ್ಜಿ ತುತ್ತನ್ನು ಅಲ್ಲೇ ಇಟ್ಟ. “ಹೌದು. ಐದೂ ಬಂಡೆ. ನನ್ನ ಬುದ್ಧಿಗಿಷ್ಟು! ನೀನು ಬಯ್ಯೋದನ್ನ ಆಮೇಲೆ ಬೈಕೋ, ಮೊದಲು ಮೇಲೆ ಬಾ.”

ಅವಳು ಬೈಯಲಿಲ್ಲ. ಸೊಂಟ ಹಿಡಿದುಕೊಂಡೇ ಹತ್ತಿ ಬಂದು ಎರಡು ಬೆರಳು ಕೊಟ್ಟಳು. ಪೆಟ್ಟಿಗೆ ಎದ್ದಿತು. ಅವಳ ತುಟಿಯಂಚಿನಲ್ಲಿದ್ದ ನಗು ಆರಿಹೋಯಿತು. ಪೆಟ್ಟಿಗೆಯ ಗೋಡೆಗೆ ಕಿವಿಯಿಟ್ಟಳು. “ಜೀವ ಇದೆ. ಸದ್ದು ಸಣ್ಣದು. ನಾಳೆವರೆಗೆ ಕಾಯೋ ಹಾಗಿಲ್ಲ. ಇವತ್ತು ಅಂಗಡಿಗೆ ರಜೆ ಬೇರೆ. ಪಕ್ಕದ ಮನೆಯವರು ಊರಲ್ಲಿಲ್ಲ...”

ದರ್ಜಿ ಒಂದು ನಿಮಿಷ ಆಕಾಶ ನೋಡಿದ. ಆಮೇಲೆ ಕೆಳಗೆ ಹೋಗಿ ಗುಂಡಿಗಳ ದೊಡ್ಡ ತಗಡಿನ ಡಬ್ಬ ತಂದು ಅವಳ ಮುಂದಿಟ್ಟ. ಮುಚ್ಚಳ ತೆಗೆದರೆ ಒಳಗೆ ಬೆಳ್ಳಗೆ ಒಂದು ಕಿಲೋ ಸಕ್ಕರೆ. ಹೋದ ಚಳಿಗಾಲದಲ್ಲಿ ಜೇನಿನ ಹೆಸರಲ್ಲಿ ಎತ್ತಿಟ್ಟದ್ದು, ದಿನಕ್ಕೊಂದು ಚಿಟಿಕೆಯ ಲೆಕ್ಕದಲ್ಲಿ ಬಾಳಿ ಬಂದದ್ದು.

ಸಿಸ್ಟರ್ ಡಬ್ಬ ನೋಡಿದಳು, ಗಂಡನನ್ನು ನೋಡಿದಳು. “ಹಾಗಾದ್ರೆ ಗುಂಡಿ ಎಲ್ಲಿ?”

ಅವನು ಎರಡೂ ಜೇಬು ಅಲ್ಲಾಡಿಸಿದ. ಗಲಗಲ ಎಂದವು.

“ವರ್ಷದಿಂದ ನಿಮ್ಮ ಮೂಳೆ ಸದ್ದು ಮಾಡ್ತಿದೆ ಅಂತ ನಾನು ಸುಣ್ಣದ ಮಾತ್ರೆ ಕೊಡ್ತಿದ್ದೆನಲ್ರೀ!”

ನಗು ಅವಳಿಗೇ ಮೊದಲು ಬಂತು. ನಕ್ಕರೆ ಸೊಂಟ ನೋವು, ನೋವಿಗೆ ಮತ್ತೆ ನಗು. ಕಣ್ಣೊರೆಸಿಕೊಂಡು ಕೆಲಸಕ್ಕೆ ನಿಂತಳು. ಅವನು ಪೆಟ್ಟಿಗೆಯ ಮುಚ್ಚಳ ತೆಗೆದ. ಎರಡು ಬೊಗಸೆಯಷ್ಟು ಜೇನುನೊಣಗಳು ಮೇಣದ ಎರಿಗಳ ನೆತ್ತಿಗೆ ಬಂದು ಒಂದಕ್ಕೊಂದು ಅಂಟಿಕೊಂಡಿದ್ದವು; ಸುತ್ತ ಒಂದು ಹನಿ ಜೇನಿರಲಿಲ್ಲ. ಅವಳು ಮೇಲೆ ಪತ್ರಿಕೆಯ ಹಾಳೆ ಹಾಸಿ, ಅಂಚಿಗೆ ಹಾದಿ ಬಿಟ್ಟು, ಸಕ್ಕರೆ ಸುರಿದು, ಅದು ಒತ್ತಿ ಕೂರುವಷ್ಟು ನೀರು ಚಿಮುಕಿಸಿದಳು. ಕೊನೆಯ ಹಿಡಿ ಬಿದ್ದಾಗ ದರ್ಜಿ ಮುಖ ಅತ್ತ ತಿರುಗಿಸಿದ. ಮೊದಲ ನೊಣ ಅಂಚಿನಿಂದ ತೆವಳಿ ಬಂದು ನಾಲಿಗೆ ಚಾಚಿತು.

“ನೋಡು, ನೆಕ್ತಾ ಇದೆ!” ಎಂದು ಕೂಗಿದವನೂ ಅವನೇ.

ಮರುದಿನ ಅಂಗಡಿಯಿಂದ ಸಕ್ಕರೆ ಬಂತು. ಅದನ್ನಿಡಲು ಬೀಗದ ಡಬ್ಬವೂ ಬಂತು. ವಾರಕ್ಕೊಮ್ಮೆ ದರ್ಜಿ ನಾಲ್ಕನೆಯದಕ್ಕೆ ಕಿವಿಯಿಟ್ಟು, “ಹಾಡ್ತಿವೆ,” ಎಂದು ವರದಿ ಒಪ್ಪಿಸುತ್ತಿದ್ದ. ಅವಳು ನಂಬುತ್ತಿದ್ದಳು, ಆದರೂ ತಾನೂ ಒಮ್ಮೆ ಕಿವಿಯಿಡುತ್ತಿದ್ದಳು.

ಚಳಿ ಮುರಿದು ಮೊದಲ ಬೆಚ್ಚನೆಯ ಮಧ್ಯಾಹ್ನ ಆರೂ ಪೆಟ್ಟಿಗೆಯ ನೊಣಗಳು ಹೊರಬಿದ್ದವು. ಚಳಿಗಾಲವಿಡೀ ಒಳಗೇ ತಡೆದುಕೊಂಡಿದ್ದ ಹಿಕ್ಕೆಯನ್ನು ಹಾರುತ್ತಲೇ ಇಳಿಸಿಕೊಳ್ಳುವುದು ಅವುಗಳ ಪದ್ಧತಿ. ಆ ಹೊತ್ತಿಗೆ ಸರಿಯಾಗಿ ದರ್ಜಿ, ಹೆಡ್‌ಮಾಸ್ಟರು ಮರುದಿನ ತೊಡಬೇಕಿದ್ದ ಹಾಲಿನಂಥ ಬಿಳಿ ಪ್ಯಾಂಟನ್ನು ಹೊಲಿದು, ಒಗೆದು ಹಗ್ಗಕ್ಕೆ ಹಾಕಿದ್ದ. ಅದರ ತುಂಬ ಸಾಸಿವೆಯಷ್ಟು ಹಳದಿ ಚುಕ್ಕೆ.

“ಲೇ, ಬಾರೇ ಬೇಗ!” ದರ್ಜಿ ಕುಣಿಯುತ್ತಿದ್ದ. “ನಾಲ್ಕನೇದೂ ಹೊರಗೆ ಬಂದಿದೆ! ಎಷ್ಟು ಜೋರಾಗಿ ಬಂದಿದೆ ನೋಡು, ಈ ಕಾಲಿನ ಚುಕ್ಕೆ ಪೂರ್ತಿ ಅವುಗಳದೇ!”

“ಹೆಡ್‌ಮಾಸ್ಟರಿಗೂ ಹಾಗೇ ಹೇಳಿ,” ಎಂದು ಸಿಸ್ಟರ್ ಅವನ ಕೈಗೆ ಸೋಪು ಕೊಟ್ಟಳು.