ಗಾಳಿಗೊಂದು ತೂತು

ಇಪ್ಪತ್ತೆರಡು ವರ್ಷದಿಂದ ಬೀರು ಮಾಡುತ್ತ ಬಂದ ಮೇಸ್ತ್ರಿಗೆ ಮರದ ವಿಷಯದಲ್ಲಿ ಯಾರೂ ಕಿವಿ ಮೇಲೆ ಹೂವಿಡುವಂತಿರಲಿಲ್ಲ. ಹಾಗಾಗಿಯೇ, ಮಲಗುವ ಕೋಣೆಯ ಹೊಸ ಬೀರುವಿನ ಬಾಗಿಲ ಮೇಲೆ ಮನೆಯ ಯಜಮಾನ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟು, “ಇಲ್ಲೊಂದು ತೂತು ಕೊರೀರಿ, ಕಿರುಬೆರಳು ತೂರೋಷ್ಟು,” ಎಂದಾಗ ಅವನ ಕೈ ಅಲ್ಲೇ ನಿಂತಿತು.

“ಯಾಕೆ ಸಾರ್?”

“ಗಾಳಿಗೆ.”

“ಗಾಳಿಗಾದ್ರೆ ಹಿಂದಿನ ಹಲಗೇಲಿ ಕೊಡ್ತೀವಿ ಸಾರ್, ಕೆಳಗಡೆ. ಎದೆಮಟ್ಟಕ್ಕೆ ಯಾರೂ ಕೊಡಲ್ಲ.”

“ನಾನು ಹೇಳಿದ ಕಡೆ ಕೊಡಿ. ಒಳಗೂ ಅದೇ ಎತ್ತರಕ್ಕೆ ಅಂಗೈ ಅಗಲದ ಒಂದು ಪಟ್ಟಿ ಹೊಡೀರಿ.”

ಮೇಸ್ತ್ರಿ ಕೊರೆದ. ಹೊಟ್ಟು ಊದಿ, ಅಂಚು ನಯವಾಗಿದೆಯೇ ಎಂದು ಒಳಗಿನಿಂದ ಕಣ್ಣಿಟ್ಟ. ಎರಡು ದಿಂಬು, ಮಂಚದ ಉದ್ದಗಲ, ಹಾಸಿಗೆಯ ಕೊನೆಯ ಮಡಿಕೆ, ಒಂದಿಂಚೂ ಹೊರಗುಳಿದಿರಲಿಲ್ಲ. ಪಟ್ಟಿ ಫೋನು ನಿಲ್ಲಿಸಲಿಕ್ಕೆ ಎಂದು ಅವನಿಗೆ ಹೊಳೆಯಿತು.

ಏಕೆಂದರೆ ಈ ನೋಟ ಅವನಿಗೆ ಹೊಸದಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮರಗೆಲಸದವರೆಲ್ಲ ನೀಲಿ ವಿಡಿಯೋ ನೋಡಲು ಒಂದು ಫೋನಿಗೆ ಮುತ್ತಿಕೊಳ್ಳುತ್ತಿದ್ದರು. ದುಡ್ಡಿಗೆ ನಟಿಸುವವರದು ಬಂದರೆ ನಮ್ಮ ಮೇಸ್ತ್ರಿ ಮಹಾನುಭಾವ ಮುಖ ಸಿಂಡರಿಸಿ, “ಥೂ, ಅದು ಹೊಲಸು. ಸಂಸಾರಸ್ಥರದು ಹಾಕ್ರೋ, ಗಂಡ-ಹೆಂಡ್ತಿ ಅಂದ್ಮೇಲೆ ತಪ್ಪೇನು?” ಎನ್ನುತ್ತಿದ್ದ. ಆ ವಿಡಿಯೋಗಳೆಲ್ಲ ಇದೇ ಎತ್ತರದಿಂದ ತೆಗೆದವು. ಅವುಗಳಲ್ಲಿ ಹೆಂಗಸು ಒಮ್ಮೆಯೂ ಕ್ಯಾಮೆರಾ ಕಡೆ ತಿರುಗುತ್ತಿರಲಿಲ್ಲ. ನಾಚಿಕೆ ಅಂದುಕೊಂಡಿದ್ದ, ಪೆದ್ದ.

“ಅಮ್ಮಾವ್ರಿಗೆ ಗೊತ್ತಾ ಸಾರ್?” ಎಂದು ಕೇಳಿಯೇಬಿಟ್ಟ.

ಯಜಮಾನ ಕೋಪಿಸಿಕೊಳ್ಳಲಿಲ್ಲ, ಕೋಪಿಸಿಕೊಂಡಿದ್ದರೆ ವಾಸಿಯಿತ್ತು. ನಕ್ಕು, ಕೋಣೆಯ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದ. “ಗೊತ್ತಾದ್ರೆ ಮೈ ಬಿಗಿ ಹಿಡೀತಾಳೆ. ನಾಲ್ಕು ಜನ ಸ್ನೇಹಿತರು ನೋಡಿದ್ರೆ ಅವಳ ಗಂಟೇನು ಹೋಗುತ್ತೆ? ನನ್ನ ಹೆಂಡ್ತಿ, ನನ್ನ ಮನೆ. ಇದು ಸಂಸಾರ ಕಣ್ರೀ, ಹೊಲಸಲ್ಲ.”

ತನ್ನದೇ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಮೇಸ್ತ್ರಿ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಅಷ್ಟರಲ್ಲಿ ಫೋನ್ ಬಂತೆಂದು ಯಜಮಾನ ಕೆಳಗಿಳಿದು ಹೋದ.

ಅವನು ಹೋದ ಹಿಂದೆಯೇ ಮನೆಯಾಕೆ ನೀರಿನ ಲೋಟ ಹಿಡಿದು ಬಂದಳು. ಕೆಲಸ ಶುರುವಾದ ದಿನದಿಂದಲೂ ಅವನನ್ನು ಬಾಯ್ತುಂಬ ‘ಅಣ್ಣಾ’ ಎನ್ನುವವಳು.

“ಎಷ್ಟು ಚೆನ್ನಾಗಿ ಮಾಡಿದ್ದೀರ ಅಣ್ಣಾ! ಆದ್ರೆ ಇದೇನು ತೂತು?”

ಗಾಳಿಗೆ ಎಂದುಬಿಟ್ಟರೆ ಮುಗಿಯಿತು. ಗರಗಸ, ಉಳಿ ಚೀಲಕ್ಕೆ ತುಂಬಿಕೊಂಡು ಸಂಜೆ ನೆಮ್ಮದಿಯಾಗಿ ಮನೆ ಸೇರಬಹುದು. ಈಕೆ ಮಾತ್ರ ಗುರುತು ಪರಿಚಯವಿಲ್ಲದ ಗಂಡಸರ ಫೋನು ಸೇರುತ್ತಾಳೆ. ಹೇಳಿದರೆ ಈ ಮನೆಯಲ್ಲಿ ಏನಾದೀತೋ ಎಂಬ ಭಯ ಬೇರೆ.

“ಒಳಗೆ ನಿಂತು ನೀವೇ ನೋಡಿ ತಾಯಿ,” ಎಂದ.

ಅವಳು ನಗುನಗುತ್ತಲೇ ಬೀರುವಿನೊಳಗೆ ಹೋಗಿ ನಿಂತಳು. ಅವನು ಬಾಗಿಲು ಮುಚ್ಚಿದ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಕೆಳಗೆ ಯಜಮಾನ, “ಸರಿ, ಆಮೇಲೆ ಮಾತಾಡೋಣ,” ಎನ್ನುತ್ತಿದ್ದ.

“ಹಳೇ ಬೀರುನಲ್ಲೂ ಒಂದಿತ್ತು.” ಒಳಗಿನಿಂದ ಬಂದ ದನಿ ತೀರ ಸಣ್ಣದಾಗಿತ್ತು. “ಹುಳ ಕೊರೆದಿದ್ದು ಅಂದಿದ್ರು. ಏಳು ವರ್ಷ ಅದೇ ಬೀರು ಇತ್ತು.”

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿಸಿತು. ಬೀರುವಿನ ಬಾಗಿಲು ಒಂದು ಗೇಣು ತೆರೆಯಿತು. ಅವಳು ಮೆಟ್ಟಿಲ ಕಡೆ ನೋಡಲಿಲ್ಲ, ಮೇಸ್ತ್ರಿಯನ್ನೇ ನೋಡಿದಳು.

“ಇದು ಇದಕ್ಕೇ ಅಂತ ನಿಮಗೆ ಹೇಗೆ ಗೊತ್ತಾಯ್ತು, ಅಣ್ಣಾ?”